ಮದರಾಸಿನ ಮೈದಾನದಲ್ಲಿ ಕುರಿ ಕರೆಯುವ ಕೂಗು

ಬೈರನ ಅಪ್ಪನಿಗೆ,

ಹರೂರಿನ ಮೊದಲ ಬಸ್ಸಿಗೆ ಹೊರಟಿದ್ದೇನೆ. ಸೇಲಂನಲ್ಲಿ ಮದರಾಸಿನ ರೈಲು ಹಿಡಿಯುತ್ತೇನೆ. ನಾಳೆ ಗೆದ್ದರೆ ಬೈರ ಆಡುವ ನಮ್ಮ ದೇಶದ ಹುಡುಗರ ತಂಡ ಏಷ್ಯಾದ ಫುಟ್‌ಬಾಲ್ ಪಂದ್ಯಕ್ಕೆ ಹೋಗುತ್ತದೆ. ಈ ಸಲ ನಾನೊಬ್ಬಳೇ ನೋಡುತ್ತೇನೆ. ನೀವು ಕುರಿ ನೋಡಿಕೊಂಡು ಮನೆಯಲ್ಲೇ ಇರಿ.

ಮಡಕೆಯಲ್ಲಿ ಅಂಬಲಿ ಇದೆ. ಕುಂಟ ಮರಿಗೆ ಹಾಲು ಕುಡಿಸಿ.

ಮೊನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ. ಮಗ ಚೆಂಡು ತಳ್ಳಿಕೊಂಡು ಒಬ್ಬನೇ ಮುಂದೆ ಓಡಿದರೆ, ಮಂದೆ ತಪ್ಪಿದ ಕುರಿಯನ್ನು ಕರೆದ ಹಾಗೆ "ಬ್ರ್ರೋ..." ಎಂದು ಕೂಗುವುದೇ? ಅವನು ನಿಂತೇಬಿಟ್ಟ. ಚೆಂಡು ಹೋಯಿತು. ಪುಣ್ಯಕ್ಕೆ ಆಟ ಸಮವಾಯಿತು.

ಅಷ್ಟು ಸಾವಿರ ಜನ ಕಿರುಚುತ್ತಿದ್ದರು. ಪಕ್ಕದಲ್ಲಿದ್ದ ನನಗೇ ನಿಮ್ಮ ದನಿ ಸರಿಯಾಗಿ ಕೇಳಿಸಲಿಲ್ಲ. "ಅದೆಂಗ್ಲಾ ನಿಂಗೆ ಕೇಳಿಸ್ತು?" ಎಂದು ಆಮೇಲೆ ಅವನನ್ನು ಕೇಳಿದೆ.

"ಜನುದ್ದು ಒಂದೂ ಕೇಳಿಸ್ನಿಲ್ಲ ಕಣವ್ವ. ಅಪ್ಪುಂದು ಒಂದೇ ಕೇಳಿಸ್ತು" ಅಂದ.

ನಿಮಗೆ ಹೇಳಬಾರದು ಅಂದುಕೊಂಡಿದ್ದೆ. ಬರೆದೇಬಿಟ್ಟೆ.

ಮನೆಯಲ್ಲೇ ಇರಿ ಎಂದು ಮೇಲೆ ಬರೆದದ್ದು ಬಿಡಿ. ಕುರಿಗಳನ್ನೂ ಮರಿಯನ್ನೂ ನಿಮ್ಮ ತಮ್ಮನಿಗೆ ಒಪ್ಪಿಸಿ, ಮುಂದಿನ ಬಸ್ಸಿಗೆ ಬನ್ನಿ. ಅವನು ಗೋಲು ಹೊಡೆಯುವ ತನಕ ಬಾಯಿಗೆ ಟವೆಲ್ ತುರುಕಿಕೊಂಡು ಕೂತಿರಿ.

ಆಮೇಲೆ ಕೂಗಿ. ಅವನಿಗೆ ಕೇಳಿಸುತ್ತದೆ.