ಮೇಲಿನ ಬೀದಿಯ ಎತ್ತರದ ಕಂಬ

ಮುಳಬಾಗಿಲು, ೨೦೦೫

ಚಿಕ್ಕಗಂಗಮ್ಮವ್ವನಿಗೆ ಮೃದುಲಾ ಮಾಡುವ ನಮಸ್ಕಾರಗಳು.

ಈ ಕಾಗದವನ್ನು ನಿಮ್ಮ ಮೊಮ್ಮಗಳು ಮುನಿಲಕ್ಷ್ಮಿ ಓದಿ ಹೇಳುತ್ತಾಳೆ. ಸಾಲು ಹಾರಿಸಿದರೆ ಕಿವಿ ಹಿಂಡಿ. ಬೋರಿನಲ್ಲಿ ನೀರು ಬಿದ್ದ ಸುದ್ದಿಯನ್ನು ಅವಳೇ ಫೋನಿನಲ್ಲಿ ಹೇಳಿದಳು. ಅಂದಿನಿಂದ ನನಗೆ ಸಕ್ಕರೆ ಹಾಕದ ಕಾಫಿಯೂ ಸಿಹಿ.

ರಾಯಲ್ಪಾಡಿನ ಶಾಲೆಗೆ ನಾನು ಕಂಪ್ಯೂಟರ್ ಹೊತ್ತು ತಂದ ದಿನ ನೆನಪಿದೆಯಲ್ಲ? ಊರಿಗೆ ಸಿಕ್ಕಿದ್ದು ಒಂದೇ ಕೊಳವೆಬಾವಿ. ಅದು ನಿಮ್ಮ ಮೇಲಿನ ಬೀದಿಗೋ, ಕೆಳಗಿನ ಬೀದಿಗೋ ಎಂದು ಅವತ್ತೇ ತೀರ್ಮಾನವಾಗಬೇಕಿತ್ತು. ಎಲ್ಲಿ ಎಷ್ಟು ಆಳದಲ್ಲಿ ನೀರಿದೆ ಎಂಬ ಅಂತರ್ಜಲ ಸರ್ವೆಯ ಅಂಕಿಗಳು ನನ್ನ ಬಳಿ ಇದ್ದವು. ಅಂಕಿ ಕೊಟ್ಟರೆ ಸಾಕು, ಜನಕ್ಕೆ ಅದನ್ನು ಹೇಗೆ ತೋರಿಸಬೇಕೆಂದು ನಮ್ಮ ಕಂಪ್ಯೂಟರ್ ತಾನೇ ಯೋಚಿಸಿ ಚಿತ್ರ ಬರೆಯುತ್ತದೆ ಎಂದು ಜಂಬ ಕೊಚ್ಚಿಕೊಂಡೆ.

ಅದೂ ಬರೆಯಿತು. ದೊಡ್ಡ ಅಂಕಿಗೆ ದೊಡ್ಡ ಕಂಬ. ನಿಮ್ಮ ಬೀದಿಯ ನೀಲಿ ಕಂಬ ಎಲ್ಲಕ್ಕಿಂತ ಎತ್ತರ. ನೀವು ಎದ್ದು ನಿಂತು, "ನೋಡಮ್ಮೀ, ನೀರೆಲ್ಲ ನಮ್ ಬೀದೀಲೇ ಐತೆ. ಗಂಗಮ್ಮ ತಾಯಿ ನಮ್ ಕಡೆ ನಿಂತವ್ಳೆ" ಅಂದಿರಿ. ಆ ಚಿತ್ರ ಬೇಕೆಂದು ಕೇಳಿ ಪ್ರಿಂಟ್ ತೆಗೆಸಿಕೊಂಡಿರಿ. ನೀವು ಹಂಚಿದ ಬೆಲ್ಲವನ್ನು ಹೆಂಗಸರೂ ನಾನೂ ಬಾಯಿಗೆ ಹಾಕಿಕೊಂಡಾಗಿತ್ತು. ಆ ಕಂಬ ತೋರಿಸಿದ್ದು ನೀರನ್ನಲ್ಲ, ಆಳವನ್ನು. ಅಲ್ಲಿ ನೀರು ತೀರಾ ಆಳದಲ್ಲಿದೆ, ನಮ್ಮ ಬೋರು ಇಳಿಯುವಷ್ಟಕ್ಕೆ ಸಿಗುವುದು ಬರೀ ಧೂಳು ಎಂದು ಹೇಳಲು ನನಗೆ ನಾಲಿಗೆಯೇ ಏಳಲಿಲ್ಲ.

ಕೊನೆಗೆ, ಆಳವನ್ನು ನೆಲದಿಂದ ಕೆಳಕ್ಕೆ ತೋರಿಸು ಎಂದು ಕಂಪ್ಯೂಟರಿಗೆ ತಿಳಿಸಿದೆ. ಅದು ಕಂಬಗಳನ್ನು ತಲೆಕೆಳಗು ಮಾಡಿತು. ನಿಮ್ಮದು ಪಾತಾಳಕ್ಕೆ ಇಳಿಯಿತು. ಕೆಳಗಿನ ಬೀದಿಯದು ನೆಲದ ಹತ್ತಿರವೇ ನಿಂತಿತು. ನೀವು ಹತ್ತಿರ ಬಂದು ನೋಡಿ, "ಅಂಗಾದ್ರೆ ಕೆಳಗಿನ ಬೀದೀಲೇ ಕೊರ್ಸಿ. ಒಂದ್ ಬಿಂದಿಗೆ ಹೊತ್ಕೊಂಡ್ ಬರಾಕೆ ನಂಗೇನ್ ರೋಗ" ಅಂದಿರಿ. ನನಗೆ ಕಣ್ಣು ತುಂಬಿತು. ಅವತ್ತು ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಈಗ ಯಾವ ಊರಿಗೆ ಹೋದರೂ ನಮ್ಮ ಕಂಪ್ಯೂಟರ್ ಮೊದಲು ನೆಲದ ಗೆರೆ ಎಳೆದೇ ಮುಂದುವರಿಯುತ್ತದೆ.

ಆ ತಪ್ಪು ಚಿತ್ರವನ್ನು ನೀವು ಗೋಡೆಗೆ ಅಂಟಿಸಿ ಕುಂಕುಮ ಇಟ್ಟಿದ್ದೀರಂತೆ. ಯಾಕವ್ವಾ ಎಂದು ಮುನಿಲಕ್ಷ್ಮಿ ಕೇಳಿದ್ದಕ್ಕೆ, "ಒಂದ್ ಗಳಿಗೆ ಆದ್ರೂ ನಮ್ ಬೀದಿ ತುಂಬಾ ನೀರಿತ್ತಲ್ಲೇ" ಅಂದಿರಂತೆ. ಸರಿಯಾದ ಚಿತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ. ಅಂಟಿಸುವುದಾದರೆ ಪಕ್ಕಕ್ಕೆ ಅಂಟಿಸಿ. ಹಳೆಯದನ್ನು ಮಾತ್ರ ತೆಗೆಯಬೇಡಿ.

ನಿಮ್ಮ ಬಿಂದಿಗೆ ಸದಾ ತುಂಬಿರಲಿ.

ನಿಮ್ಮ ಬೆಲ್ಲ ತಿಂದು ಹೋದ,
ಮೃದುಲಾ