ಅಂಚಿನ ಚುಕ್ಕಿಗಳು

ನಮ್ಮ ಮನೆ, ಹೊಲಿಗೆ ಮಿಷನ್ನಿನ ಮಗ್ಗುಲು
ತಾರೀಕು ಹನ್ನೆರಡು, ಮಂಗಳವಾರ

ಪ್ರೀತಿಯ ಸೊಸೆಗೆ ಅತ್ತೆಯ ಆಶೀರ್ವಾದ.

ಹೇಗಿದ್ದೀಯೇ? ವಾರ್ಡಿನಲ್ಲಿ ದಿನವಿಡೀ ನಿಂತು ಹಿಮ್ಮಡಿ ನೋಯುತ್ತದೆ ಎಂದಿದ್ದೆಯಲ್ಲ, ಈಗ ಹೇಗಿದೆ? ನರ್ಸ್ ಕೆಲಸ ಕಲಿಯಲು ಹೋದವಳು ಪೇಷಂಟ್ ಆಗಿ ವಾಪಸ್ ಬರಬೇಡ. ಇಲ್ಲಿ ನಿನ್ನ ಗಂಡ ಬಸ್ಸು ಓಡಿಸಿಕೊಂಡು, ಅನ್ನ ಸೀಯಿಸಿಕೊಂಡು ಚೆನ್ನಾಗಿದ್ದಾನೆ. ನನ್ನ ಮಂಡಿ ಹೇಳಿದ ಮಾತು ಕೇಳುತ್ತಿಲ್ಲ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ಫೋನಿರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನೀನು ಹೇಳುತ್ತೀಯ, ನಾನು ಹೂಂಗುಟ್ಟುತ್ತೇನೆ. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ನಿನಗೆ ದಾರಿಯಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತು ದೀರ್ಘ ಬಿಟ್ಟುಹೋದ ಕಡೆ ನೀನೇ ಹೊಲಿಗೆ ಹಾಕಿಕೋ.

ವಿಷಯ ನಿನ್ನ ಮಗಳು, ನಮ್ಮ ಮೆಣಸಿನದು. ಹೋದ ಶನಿವಾರ ಅವಳನ್ನು ಕಣ್ಣಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿದ್ದೆ. ಎರಡು ಕಣ್ಣಿಗೂ ಅರ್ಧರ್ಧ ಪವರ್ ಏರಿದೆ. ಮಗುವಿನ ಗದ್ದವನ್ನು ಮೆಷಿನ್ನಿನ ಮೇಲೆ ಇಡಿಸಿ ಕಣ್ಣುಗುಡ್ಡೆಯ ಉದ್ದ ಅಳೆದರು. ಐದು ತಿಂಗಳಲ್ಲಿ ಒಂದು ನೂಲಿನ ದಪ್ಪದಷ್ಟು ಉದ್ದವಾಗಿದೆಯಂತೆ. ನೂಲು ತಾನೇ ಎಂದೆ. "ಅಜ್ಜಿ, ಕಣ್ಣಿಗೆ ಅದು ಜಾಸ್ತೀನೇ. ಬೆಳೆದಿದ್ದು ಮತ್ತೆ ಗಿಡ್ಡ ಆಗಲ್ಲ. ಹೀಗೇ ಎಳೀತಾ ಹೋದ್ರೆ ದೊಡ್ಡೋಳಾದ್ಮೇಲೆ ಕಣ್ಣಿನ ಹಿಂದಿನ ಪರದೆಗೇ ಕುತ್ತು" ಎಂದರು. ಅಲ್ಲಿಂದಾಚೆಗೆ ನಾನು ಬಾಯಿ ಬಿಡಲಿಲ್ಲ. ನಾನು ಸುಮ್ಮನಿದ್ದೆ ಎಂದರೆ ನಿನಗೆ ನಂಬಿಕೆ ಬರುವುದಿಲ್ಲ, ಆದರೂ ಇದ್ದೆ.

ಆಮೇಲೆ ಮಗುವಿನ ಕನ್ನಡಕ ತಿರುಗಿಸಿ ನೋಡಿ, "ಇದರಲ್ಲಿ ಚುಕ್ಕಿ ಎಲ್ಲಿ?" ಎಂದು ಕೇಳಿದರು. "ನಾನೇ ಬೀಳಿಸಿ ಒಡೆದೆ, ಹತ್ತಿರದ ಅಂಗಡೀಲಿ ಮಾಮೂಲಿ ಗ್ಲಾಸ್ ಹಾಕಿಸಿದ್ವಿ" ಎಂದಳು ಮೆಣಸು. ಅದನ್ನೇ ಅವಳು ಭಾನುವಾರ ಫೋನಿನಲ್ಲಿ ನಿನಗೂ ಹೇಳಿದಳು, ನೀನೂ ಚೆನ್ನಾಗಿ ಉಗಿದೆ. ಅವತ್ತಿನಿಂದ ಫೋನು ಗುಂಯ್ ಎಂದರೆ ಸಾಕು, ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಡಾಕ್ಟರಮ್ಮ ಚೀಟಿಯ ಹಿಂದೆ ಕಣ್ಣಿನ ಚಿತ್ರ ಬರೆದು ನನಗೂ ಅರ್ಥ ಮಾಡಿಸಿದರು. ನೋಡಿದ್ದು ಹಿಂದಿನ ಪರದೆಯ ಮೇಲೆ ನೆಟ್ಟಗೆ ಬೀಳಬೇಕು. ಮಾಮೂಲಿ ಗ್ಲಾಸು ನಡುವಿನದನ್ನು ಸರಿಯಾಗಿಯೇ ಬೀಳಿಸುತ್ತದೆ. ಪಕ್ಕದಿಂದ ಬರುವುದು ಮಾತ್ರ ಪರದೆ ದಾಟಿ ಹಿಂದಕ್ಕೆ ಹೋಗುತ್ತದೆ. ಬೆಳೆಯುವ ಕಣ್ಣು ಅದನ್ನು ಹಿಡಿಯಲು ಹಿಂದಕ್ಕೆ ಹಿಂದಕ್ಕೆ ಎಳೆದುಕೊಳ್ಳುತ್ತದಂತೆ. ನೀನು ಮಾಡಿಸಿದ್ದ ಕನ್ನಡಕದಲ್ಲಿ ನಡುವೆ ಬರೀ ಗಾಜು, ಸುತ್ತ ಸಾಸಿವೆಗಿಂತ ಸಣ್ಣ ಚುಕ್ಕಿಗಳು. ಅವು ಪಕ್ಕದ ಬೆಳಕಿನಲ್ಲಿ ಒಂದಿಷ್ಟನ್ನು ಪರದೆಯ ಮುಂದೆಯೇ ಕೂಡಿಸುತ್ತವೆ. ಆಗ ಕಣ್ಣಿಗೆ ಹಿಂದಕ್ಕೆ ಓಡುವ ಅವಸರವಿರುವುದಿಲ್ಲ. ಪೂರಾ ನಿಲ್ಲುವುದಿಲ್ಲ, ನಿಧಾನವಾಗುತ್ತದೆ, ಅಷ್ಟೇ ಎಂದರು. ನಲವತ್ತು ವರ್ಷದಿಂದ ಹೊಲಿಗೆ ಕಲಿಯಲು ಬಂದ ಹುಡುಗಿಯರಿಗೆಲ್ಲ, ನಡುವೆ ಯಾರು ಬೇಕಾದರೂ ಹೊಲಿದಾರು, ಅಂಚು ನೋಡ್ರೇ ಎಂದು ತಲೆಗೆ ಮೊಟಕಿದವಳು ನಾನು. ಆ ಚೀಟಿ ನೋಡಿ ನನ್ನ ತಲೆಗೇ ಯಾರಾದರೂ ಮೊಟಕಬಾರದೇ ಅನ್ನಿಸಿತು.

ಚುಕ್ಕಿ ಕನ್ನಡಕ ಮತ್ತೆ ಬಂದಿದೆ, ನಿನ್ನೆ ನಾನೇ ಹೋಗಿ ತಂದೆ. ಬೆಳಿಗ್ಗೆ ಎದ್ದ ತಕ್ಷಣ ಹಾಕಿಸುತ್ತೇನೆ. ಅವಳು ನನ್ನ ಪಕ್ಕ ಕೂತು ಗುಂಡಿಯ ಕಾಜಾ ಹೊಲಿಯುವುದನ್ನು ನಿಲ್ಲಿಸಿದ್ದೇನೆ. ಹೊರಗಿನ ಬೆಳಕು ಕಣ್ಣಿಗೆ ಒಳ್ಳೆಯದಂತೆ, ಸ್ಕೂಲು ಬಿಟ್ಟು ಬಂದವಳನ್ನು ಹೊತ್ತು ಮುಳುಗುವವರೆಗೆ ಬೀದಿಗೆ ಅಟ್ಟುತ್ತೇನೆ. ಮೊಣಕೈ ತರಚಿಕೊಂಡು ಬರುತ್ತಾಳೆ. ಬರಲಿ, ಮೊಣಕೈ ವಾಸಿಯಾಗುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಕಾಲಿಗೆ ಬಲ ಕೊಡಲಿ, ನನ್ನ ನಾಲಿಗೆಗೆ ಲಗಾಮು ಕೊಡಲಿ.

ಇಂತಿ,
ನಿನ್ನ ಅತ್ತೆ

ಮರೆತೆ ಎಂದುಕೋಬೇಡ, ಇದನ್ನು ಬರೆಯಲು ಬೆರಳು ಏಳಲಿಲ್ಲ: ಗ್ಲಾಸು ಒಡೆದಿಲ್ಲ ಕಣೇ. ನೀನು ಊರು ಬಿಟ್ಟು ಹೊರಟ ವಾರವೇ ಕನ್ನಡಕವನ್ನು ಬಟ್ಟೆ ನೋಡುವ ಹಾಗೆ ಕಿಟಕಿಯ ಬೆಳಕಿಗೆ ಹಿಡಿದೆ. ಸುತ್ತ ಚುಕ್ಕಿ ಕಂಡಿತು. ನನ್ನ ಸೊಸೆಗೆ ಯಾರೋ ಡ್ಯಾಮೇಜ್ ಮಾಲು ಕಟ್ಟಿದ್ದಾರೆ ಎಂದುಕೊಂಡು ಬೀದಿ ಕೊನೆಯ ಅಂಗಡಿಗೆ ಹೋದೆ. "ಇದು ಹೀಗೇ ಇರೋದಮ್ಮ, ಡಾಕ್ಟರನ್ನ ಕೇಳಿ" ಎಂದ ಪಾಪ ಅಂಗಡಿಯವನು. ನಿನಗಿಂತ ಮುಂಚೆ ಹುಟ್ಟಿದವಳು ನಾನು ಎಂದು ಬಾಯಿ ಮುಚ್ಚಿಸಿ ಬೇರೆ ಹಾಕಿಸಿದೆ. ಮಗುವಿನ ಕಣ್ಣಿನ ನೂಲು ಎಳೆದದ್ದು ಈ ಕೈ. ಸುಳ್ಳು ಯಾಕೆ ಹೇಳಿದೆ ಎಂದು ಮೆಣಸನ್ನು ಕೇಳಿದರೆ, "ಅಮ್ಮ ನಂಗೆ ಬೈದ್ರೆ ಎರಡು ದಿನ. ನಿಂಗೆ ಬೈದ್ರೆ ಇಬ್ರೂ ಎರಡು ತಿಂಗಳು ಮಾತು ಬಿಡ್ತೀರ" ಎಂದಳು. ಒಂಬತ್ತು ವರ್ಷದ್ದು! ಹಳೇ ಗ್ಲಾಸು ಎರಡೂ ಒಂದು ಗೀರಿಲ್ಲದೆ ನನ್ನ ಗುಂಡಿ ಡಬ್ಬದಲ್ಲಿವೆ, ಬಂದಾಗ ನೋಡು. ಕಾಗದ ತಲುಪಿದ ದಿನ ಸಂಜೆ ಫೋನ್ ಮಾಡು. ಬಚ್ಚಲ ಬಾಗಿಲ ಹೊರಗೆ ನಾನೇ ಫೋನು ಹಿಡಿದುಕೊಂಡು ನಿಲ್ಲುತ್ತೇನೆ. ಮೊದಲು ಅವಳ ಹತ್ತಿರ ಮಾತಾಡು. ಬೈಗುಳ ಪೂರಾ ನನಗೆ ಮಿಗಿಸಿಡು.