ತಿರುಗದ ಕೀಲಿಕೈ

ಪರಂಪರೆ ರಕ್ಷಣೆಯ ಕಚೇರಿಯಲ್ಲಿ ಕುಳಿತಿರುವ ಮಾನ್ಯರೇ,

ನಮ್ಮ ಬಾಗಿಲುಗಳ ಕೀಲಿಕೈ ವಾಪಸು ಕೊಡಿ. ಉಳಿದ ಮಾತು ಆಮೇಲೆ.

ಗ್ರೀಸಿನ ಹಿಯೋಸ್ ದ್ವೀಪದ ನಮ್ಮ ಕೋಟೆಹಳ್ಳಿಯಲ್ಲಿ ಬಾಗಿಲು ಮುಚ್ಚಿದರೆ ತಾನೇ ಬೀಗ ಬೀಳುತ್ತದೆ. ಅದಕ್ಕೇ ಕೀಲಿಕೈ ಹೊರಗೇ ಇರುತ್ತದೆ, ನೆರೆಯವರು ತಿರುಗಿಸಿ ಒಳಗೆ ಬರಲಿ ಎಂದು. ಹಳ್ಳಿ ನೋಡಲು ಬಂದಾಗ ಅದನ್ನು ಕಂಡು ನೀವು ಬಹಳ ಸಂತೋಷಪಟ್ಟಿರಿ. ನನಗೆ ಆಗಲೇ ಅನುಮಾನ ಬಂದಿತ್ತು. ಈಸ್ಟರ್ ಮುಗಿದದ್ದೇ ನಿಮ್ಮ ಜನ ಬಂದರು. "ಹಳೇ ಕೀಲಿಕೈ ಯಾರಾದ್ರೂ ಕದ್ದಾರು, ನಾವು ಭದ್ರವಾಗಿಡ್ತೀವಿ" ಎಂದು ಎಲ್ಲವನ್ನೂ ಒಯ್ದರು. ಬದಲಿಗೆ ಬೀಗದ ತಗಡಿಗೆ ಒಂದೊಂದು ದೊಡ್ಡ ಕೀಲಿಕೈ ಬೆಸೆದು, ತುಕ್ಕಿನ ಬಣ್ಣ ಬಳಿದು ಹೋದರು. ನೋಡಲು ಅಸಲಿಗಿಂತ ಹಳೆಯದು. ತಿರುಗುವುದಿಲ್ಲ, ಅಷ್ಟೆ.

ಕಳೆದ ವಾರ ಪಕ್ಕದ ಮನೆಯ ಅರ್ಗಿರೋ ಅತ್ತೆ ಅಡುಗೆಮನೆಯಲ್ಲಿ ಜಾರಿಬಿದ್ದಳು. ಕೂಗು ಕೇಳಿ ಓಡಿದೆ. ಅಭ್ಯಾಸಬಲ, ಎರಡೂ ಕೈಯಲ್ಲಿ ನಿಮ್ಮ ಕೀಲಿಕೈಯನ್ನು ತಿರುವಿದೆ. ಹಿಂದೆ ನಿಂತಿದ್ದ ಪ್ರವಾಸಿಯೊಬ್ಬ ಖುಷಿಯಿಂದ ಫೋಟೊ ತೆಗೆದ. ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು. ಕೊನೆಗೆ ನನ್ನ ಮನೆಯ ಛಾವಣಿ ಹತ್ತಿ ಅವಳ ಛಾವಣಿಗೆ ದಾಟಿ ಒಳಗಿಳಿದೆ. ಕಡಲ್ಗಳ್ಳರು ಬಂದಾಗ ನಮ್ಮ ಹಿರಿಯರು ಓಡುತ್ತಿದ್ದ ದಾರಿ ಅದು.

"ಬಾಗಿಲಿಲ್ವೇನೋ ನಿಂಗೆ? ಕಳ್ಳನ ಹಾಗೆ ಮೇಲಿಂದ ಬರ್ತೀಯ!"

"ಸುಮ್ನಿರು ಅತ್ತೆ, ಎತ್ತುತ್ತೀನಿ."

"ಮೊದಲು ಒಲೆ ಆರಿಸೋ! ಕಡಲೆ ಸೀದುಹೋಯ್ತು. ನಾನೆಲ್ಲಿ ಓಡಿಹೋಗ್ತೀನಿ?"

ಅತ್ತೆಯ ಸೊಂಟದ ಮೂಳೆ ಬಿರುಕುಬಿಟ್ಟಿದೆ. ನಿಮ್ಮ ಕಚೇರಿಗೆ ಫೋನ್ ಮಾಡಿದರೆ, "ಅಸಲಿ ಕೀಲಿಕೈಗಳು ಗಾಜಿನ ಪೆಟ್ಟಿಗೆಯಲ್ಲಿ ಕ್ಷೇಮವಾಗಿವೆ" ಎಂದರು. ಕೀಲಿಕೈಯ ಕ್ಷೇಮ ಕೇಳಿದವರಾರು, ಸ್ವಾಮಿ?

ಅತ್ತೆ ಈಗ ಹಾಸಿಗೆ ಹಿಡಿದಿದ್ದಾಳೆ. ಬಾಗಿಲಿಗೆ ಕಲ್ಲಿಟ್ಟು ತೆರೆದಿಟ್ಟರೆ ಪ್ರವಾಸಿಗರು ಒಳಗೆ ಬಂದು ಅವಳ ಮಂಚ ನೋಡುತ್ತಾರೆ. ನಿನ್ನೆ ಒಬ್ಬಳು, "ಅಯ್ಯೋ, ಇವರು ನಿಜವಾದ ಮನುಷ್ಯರಾ?" ಎಂದಳಂತೆ. ಮುಚ್ಚಿದರೆ ನಾವೇ ಒಳಗೆ ಹೋಗುವಂತಿಲ್ಲ. ಇಲ್ಲಿ ಯಾರೂ ಇರದಿದ್ದರೆ ರಕ್ಷಣೆ ಸುಲಭ ಎಂಬ ಲೆಕ್ಕಾಚಾರವೇ ನಿಮ್ಮದು? ಇಂದು ಕೀಲಿಕೈ ಹೋಯಿತು. ನಾಳೆ ನಮ್ಮನ್ನೂ ಒಯ್ದು, ಕಟ್ಟೆಯ ಮೇಲೆ ನಮ್ಮಂತೆ ಕಾಣುವ ಗೊಂಬೆಗಳನ್ನು ಕೂರಿಸುವುದಿಲ್ಲ ಎಂದು ನಾನು ಹೇಗೆ ನಂಬಲಿ?

ಭಾನುವಾರದೊಳಗೆ ನೀವೇ ಕೀಲಿಕೈಗಳನ್ನು ತನ್ನಿ. ಮೊದಲು ಅತ್ತೆಯ ಬಾಗಿಲಿಗೆ ಹಾಕಿ, ತಿರುಗಿಸಿ, ಒಳಗೆ ಹೋಗಿ ಅವಳ ಯೋಗಕ್ಷೇಮ ಕೇಳಿ. ಆ ಕೀಲಿಕೈ ಇರುವುದೇ ಅದಕ್ಕೆ.

ಇಂತಿ,
ಅಲ್ಲಿಯವರೆಗೆ ಸೂಪಿನ ಪಾತ್ರೆ ಹಿಡಿದು ಛಾವಣಿಯಿಂದ ಇಳಿಯುತ್ತಿರುವ,
ಮೊಣಕಾಲು ನೋವಿನ ಇಸಿಡೋರೋಸ್